ತೋಳಕ್ಕೊಂದು ಜಾಗ

ಊರಿನಲ್ಲಿರುವ ಪಿಯಾನೋಗಳಲ್ಲೆಲ್ಲ ಅತಿ ಕೆಟ್ಟದಾಗಿ ಒದರುವುದು ಯಾವುದು ಎಂದು ಕೇಳಿದರೆ ಕಿವಿಯಪ್ಪ ಯೋಚಿಸುವ ಗೋಜಿಗೇ ಹೋಗದೆ ತನ್ನ ಮನೆಯದನ್ನು ತೋರಿಸುತ್ತಿದ್ದ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಅವನಿಗೆ ಕಂಡಿರಲಿಲ್ಲ. ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಬೆಳಗಿನಿಂದ ಸಂಜೆವರೆಗೆ ಶಾಲೆ, ಸಭಾಂಗಣ, ಹೋಟೆಲು, ದೊಡ್ಡವರ ಮನೆ ಅಂತ ಅಲೆದು, ಕಂಡವರ ತಂತಿಗಳನ್ನೆಲ್ಲ ದಾರಿಗೆ ತಂದು ಮನೆ ಸೇರುವ ಹೊತ್ತಿಗೆ ಕಿವಿ ಹಣ್ಣಾಗಿರುತ್ತಿತ್ತು. ಹಾಗಂತ ಅವನು ಹೇಳುತ್ತಿದ್ದ. ಕಿವಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಊರವರು ಇಟ್ಟದ್ದು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಯಾವ ಸ್ವರಕ್ಕೆ ಬಿತ್ತು ಎಂದು ಹೇಳುವ ಆಸಾಮಿಯನ್ನು ಇನ್ನೇನೆಂದು ಕರೆಯುತ್ತಾರೆ?

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದಾ, ಇದಾ?" ಎಂದು ದಿನವಿಡೀ ಕೇಳುವುದು ಅವಳ ಕೆಲಸ. ಗಂಡನಿಗಿಂತ ಮೊದಲು ಮನೆಗೆ ಬಂದು ಪಿಯಾನೋ ಮುಂದೆ ಕೂರುತ್ತಿದ್ದಳು. ನುಡಿಸುತ್ತಿದ್ದುದು ಒಂದೇ ಕೃತಿ. ಹಳೆಯ ಕಾಲದ ಯಾರೋ ಪುಣ್ಯಾತ್ಮ ಬರೆದದ್ದು, ಅವಳ ಟೀಚರು ಚಿಕ್ಕಂದಿನಲ್ಲಿ ಕಲಿಸಿದ್ದು. ಅದರ ಪುಸ್ತಕವನ್ನು ಯಾರೋ ಎರವಲು ಒಯ್ದು ನುಂಗಿ ನೀರು ಕುಡಿದು ಯಾವ ಕಾಲವಾಯಿತೋ. ಕೃತಿ ಮಾತ್ರ ಅವಳ ಬೆರಳಿನಲ್ಲಿ ಉಳಿದಿತ್ತು. ಮನೆಯಲ್ಲಿ ಅದಕ್ಕೆ 'ನಿಧಾನದ್ದು' ಎಂದು ಹೆಸರು.

ಕಿವಿಯಪ್ಪ ಒಳಗೆ ಕಾಲಿಡುವಾಗ ನಿಧಾನದ್ದು ಶುರುವಾಗಿರುತ್ತಿತ್ತು. ಅವನು ಬೂಟು ಬಿಚ್ಚಿ, ಮುಖ ತೊಳೆದು, ಒಲೆಯ ಮೇಲೆ ಮುಚ್ಚಿಟ್ಟ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಳ್ಳುವಷ್ಟರಲ್ಲಿ ಅದು ಒಂದು ಕಡೆ ಬಂದು, ನೀಳವಾಗಿ ಉಸಿರು ಬಿಟ್ಟ ಹಾಗೆ ನಿಲ್ಲುತ್ತಿತ್ತು. ಆಗ ಅವನು ಲೋಟ ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಬಾಗಿಲಿಗೆ ಒಳಗಡೆಯಿಂದ ಅವನೇ ಫೆಲ್ಟ್ ಅಂಟಿಸಿದ್ದ. ಪಿಯಾನೋದೊಳಗೆ ತಂತಿಗೆ ಬಡಿಯುವ ಸುತ್ತಿಗೆಗಳಿಗೆ ಸುತ್ತುತ್ತಾರಲ್ಲ, ಅದೇ ದಪ್ಪ ಉಣ್ಣೆಯ ಫೆಲ್ಟು, ಒಳ್ಳೇ ಮಾಲು. "ಇದೇನ್ರೀ?" ಎಂದು ಹೆಂಡತಿ ಕೇಳಿದ್ದಕ್ಕೆ "ಗಾಳಿ ಬರುತ್ತೆ" ಎಂದಿದ್ದ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಬಣ್ಣ ಬಳಿದಾಗ ಅಂಟಿಕೊಂಡು ಎಂದೂ ತೆರೆಯದೇ ಇದ್ದದ್ದು. ಅವಳು ಮತ್ತೆ ಕೇಳಲಿಲ್ಲ.

ಒಂದು ಸೋಮವಾರ ತಟ್ಟೆ ಒರೆಸುತ್ತ ಅವಳು ಹೇಳಿದಳು. "ಅಕ್ಕ ಇನ್ನೊಂದು ಅಂಗಡಿ ತೆಗೆದಿದಾಳೆ. ನೋಡ್ಕೊಳ್ಳೋಕೆ ಬಾ ಅಂತ ಕರೀತಿದಾಳೆ. ಭಾನುವಾರ ಕಾರು ತರ್ತಾಳೆ, ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಎಷ್ಟು ದಿನ ಅಂತ ಇಲ್ಲ."

ಹೋಗಬೇಡ ಎನ್ನಬೇಕು, ಕೈ ಹಿಡಿದುಕೊಳ್ಳಬೇಕು, ಏನಾದರೂ ಮಾಡಬೇಕು ಎಂದು ಕಿವಿಯಪ್ಪನ ಒಳಗೆ ಗಡಿಬಿಡಿಯೆದ್ದಿತು. ಬಾಯಿಂದ ಹೊರಬಿದ್ದ ಮಾತು ಮಾತ್ರ ಬೇರೆ: "ನೀಲಿ ಸೂಟ್‌ಕೇಸಿನ ಜಿಪ್ಪು ಕೆಟ್ಟಿದೆ."

"ಗೊತ್ತು. ಕಂದು ಬಣ್ಣದ್ದು ತಗೊಂಡಿದೀನಿ."

"ಏನಾದ್ರೂ ಜಗಳ ಆಯ್ತಾ ನಮ್ಮಲ್ಲಿ?"

"ಜಗಳ ಆಡೋದಕ್ಕೆ ಯಾರಿದಾರೆ ಇಲ್ಲಿ? ಬಾಗಿಲ ಜೊತೆ ಆಡ್ಲಾ?" ಎಂದಳು ಅವಳು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಒರೆಸಿದ ತಟ್ಟೆಯನ್ನು ಅದರ ಜಾಗದಲ್ಲಿಟ್ಟು, "ಹೋಗೋಕೆ ಮುಂಚೆ ಒಂದು ಕೆಲಸ ಇದೆ. ನಿಧಾನದ್ದನ್ನ ಒಂದು ಸಲ ಶುದ್ಧ ಶ್ರುತಿಲಿ ನುಡಿಸ್ಬೇಕು. ಮಾಡ್ಕೊಡ್ತೀನಿ ಅಂತ ನೀವೇ ಒಪ್ಕೊಂಡಿದ್ರಿ" ಎಂದಳು.

"ಯಾವಾಗ?"

"ಮದುವೆಗೆ ಮುಂಚೆ."

ಅದು ನಿಜವೇ. ಅವಳು ಸಂಗೀತ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಇವನು ಅಲ್ಲಿಯ ಪಿಯಾನೋ ಸರಿಮಾಡಲು ಬಂದಿದ್ದ. ಅವಳು ಪಾಠಕ್ಕೆ ಬೇಗ ಬಂದು ಬಾಗಿಲಲ್ಲಿ ನಿಂತಿದ್ದಳು. ಹೆಣ್ಣುಮಕ್ಕಳ ಹತ್ತಿರ ಮಾತಾಡಲು ಬಾರದ ಹುಡುಗ, ಮಾತಿಗೆ ಬದಲು ಎರಡು ಸ್ವರಗಳನ್ನು ಒಟ್ಟಿಗೆ ಒತ್ತಿ, "ವಾಂವ್ ವಾಂವ್ ಅಂತ ಅಲೆ ಏಳ್ತಿದೆಯಲ್ಲ, ಕೇಳಿಸ್ತಾ?" ಎಂದ. ಅವಳು ಹೂಂ ಎಂದಳು. ಅವನು ತಂತಿಯ ಮೊಳೆಯನ್ನು ಚಾವಿಯಿಂದ ಚೂರೇ ಚೂರು ತಿರುಗಿಸಿದ. ವಾಂವ್ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಅವಳು ಉಸಿರಾಡುವುದನ್ನೇ ಮರೆತು ನಿಂತಿದ್ದಳು. "ಇದು ಶುದ್ಧ. ಆದ್ರೆ ಹೀಗೆ ಬಿಡೋಕಾಗಲ್ಲ" ಎಂದು ಅವನು ಮತ್ತೆ ಕೆಡಿಸಿಬಿಟ್ಟ. "ಒಂದಿನ ನಿಮಗೆ ಅಂತಲೇ ಪೂರ್ತಿ ಪಿಯಾನೋನ ಹೀಗೆ ಮಾಡ್ಕೊಡ್ತೀನಿ." ಆಗ ಅವಳನ್ನು ನೀವು ಎನ್ನುತ್ತಿದ್ದ. ಆ ಒಂದು ನಿಮಿಷಕ್ಕೆ ಮರುಳಾಗಿ ಇವರನ್ನ ಕಟ್ಕೊಂಡೆ ಎಂದು ಅವಳು ಅಕ್ಕನ ಮುಂದೆ ಹೇಳಿದ್ದುಂಟು. ಅಕ್ಕ ಎಲ್ಲ ಕೇಳಿಸಿಕೊಂಡು "ಒಂದೇ ನಿಮಿಷಾನಾ?" ಎಂದಿದ್ದಳು.

ಇಲ್ಲಿ ಒಂದು ಮಾತು ಬಿಡಿಸಿ ಹೇಳದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಪಿಯಾನೋದ ಸ್ವರಗಳನ್ನು ಒಂದಕ್ಕೊಂದು ಪೂರ್ತಿ ಶುದ್ಧವಾಗಿ ಕೂಡಿಸುತ್ತ ಹೋದರೆ ಕೊನೆಯಲ್ಲಿ ಲೆಕ್ಕ ಕೂಡುವುದಿಲ್ಲ, ಒಂದಿಷ್ಟು ಕಸ ಉಳಿಯುತ್ತದೆ. ಇದು ಯಾರ ತಪ್ಪೂ ಅಲ್ಲ, ದೇವರು ಹಾಗೆ ಇಟ್ಟಿದ್ದಾನೆ. ಆ ಕಸವನ್ನು ಎಲ್ಲ ಸ್ವರಗಳಿಗೂ ಸಮನಾಗಿ ಹಂಚಿಬಿಟ್ಟರೆ ಪ್ರತಿಯೊಂದೂ ಕೂದಲೆಳೆಯಷ್ಟು ಸುಳ್ಳಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಯಾವ ಕೃತಿಯನ್ನು ಬೇಕಾದರೂ ನುಡಿಸಬಹುದು. ಈಗ ಎಲ್ಲೆಲ್ಲೂ ನಡೆಯುತ್ತಿರುವುದು ಇದೇ. ಶುದ್ಧ ಶ್ರುತಿ ಹಾಗಲ್ಲ. ಅದರಲ್ಲಿ ಬೇಕಾದ ಸ್ವರಗಳನ್ನು ಚೊಕ್ಕಟ ಮಾಡಿ, ಕಸವನ್ನೆಲ್ಲ ಗುಡಿಸಿ ಯಾರೂ ಹೋಗದ ಮೂಲೆಗೆ ತಳ್ಳಬೇಕು. ಆ ಮೂಲೆಯ ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಊಳಿಡುತ್ತವೆ. ಕಸುಬಿನವರು ಅದನ್ನು ತೋಳ ಎನ್ನುತ್ತಾರೆ. ತೋಳವನ್ನು ಕೊಲ್ಲಲು ಆಗುವುದಿಲ್ಲ. ಕಟ್ಟಿಹಾಕಲು ಜಾಗ ಹುಡುಕಬೇಕು, ಅಷ್ಟೆ.

ಮರುದಿನ ಬೆಳಿಗ್ಗೆ ಕಿವಿಯಪ್ಪ ಆ ವಾರದ ಗಿರಾಕಿಗಳಿಗೆಲ್ಲ ಫೋನು ಮಾಡಿ ಬೆನ್ನುನೋವು ಎಂದು ಸುಳ್ಳು ಹೇಳಿದ. ಇದೊಂದು ಸರಿಹೋದರೆ ಅವಳು ಹೋಗಲಾರಳು ಎಂದು ಅವನು ತನ್ನಷ್ಟಕ್ಕೇ ತೀರ್ಮಾನ ಮಾಡಿಬಿಟ್ಟಿದ್ದ. ಹಾಗೆಂದು ಅವಳು ಹೇಳಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೂ ಹೇಳಿರಲಿಲ್ಲ. ಆದರೂ ಮುಳುಗುವವನಿಗೆ ಕೈಗೆ ಸಿಕ್ಕಿದ್ದು ಪಿಯಾನೋ ಆದರೆ ಅವನು ಅದನ್ನೇ ಹಿಡಿದುಕೊಳ್ಳುತ್ತಾನೆ.

ಮುಂದಿನ ಹಲಗೆ ಬಿಚ್ಚಿ ನೋಡಿದರೆ ಒಳಗೆ ದೇವರೇ ಗತಿ. ತಂತಿಗಳ ಮೇಲೆ ವರ್ಷಗಳ ಧೂಳು, ತಳದಲ್ಲಿ ಒಂದು ಪೆನ್ಸಿಲು, ಕನ್ನಡಕದ ಒಂದು ಗಾಜು, ಹೆಂಡತಿ ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಿದ್ದ ಕಿವಿಯೋಲೆ. ಅದನ್ನು ಒರೆಸಿ ಕಿಸೆಗೆ ಹಾಕಿಕೊಂಡು ಕೆಲಸ ಶುರುಮಾಡಿದ. ಒಂದೊಂದು ತಂತಿಯನ್ನೂ ಎರಡು ಮೂರು ಸಲ ಎಳೆಯಬೇಕಾಯಿತು. ವರ್ಷಗಟ್ಟಲೆ ಸೋಮಾರಿಯಾಗಿ ಬಿದ್ದಿದ್ದ ತಂತಿ ಒಮ್ಮೆಗೇ ಮಾತು ಕೇಳುತ್ತದೆಯೇ? ಇವತ್ತು ಏರಿಸಿಟ್ಟರೆ ನಾಳೆಗೆ ಇಳಿದಿರುತ್ತಿತ್ತು.

ತೋಳವನ್ನು ಎಲ್ಲಿ ಕಟ್ಟಬೇಕೆಂಬುದು ಅವನಿಗೆ ದೊಡ್ಡ ಸಮಸ್ಯೆ ಅನ್ನಿಸಲಿಲ್ಲ. ನಿಧಾನದ್ದು ಅವನಿಗೆ ಬಾಯಿಪಾಠವಾಗಿತ್ತು. ಮನಸ್ಸಿನಲ್ಲೇ ಮೊದಲಿಂದ ಗುನುಗಿಕೊಂಡು ನೋಡಿದ. ಎಲ್ಲವೂ ಬಿಳಿ ಕೀಗಳ ಮೇಲೇ ನಡೆಯುತ್ತದೆ, ಕಪ್ಪು ಕೀಗಳ ಕಡೆ ಅಷ್ಟಿಷ್ಟು ಇಣುಕುತ್ತದೆ, ಮತ್ತೆ ಮನೆಗೆ ಬಂದು ಉಸಿರು ಬಿಟ್ಟು ನಿಲ್ಲುತ್ತದೆ. ಕಪ್ಪು ಕೀಗಳ ಆ ಕಡೆಯ ಮೂಲೆಗೆ ನರಪಿಳ್ಳೆಯೂ ಹೋಗುವುದಿಲ್ಲ. ತೋಳಕ್ಕೆ ಅದೇ ಸರಿ. ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಇಷ್ಟು ವರ್ಷ ದಿನಾ ಕಿವಿಗೆ ಬಿದ್ದದ್ದನ್ನು ಈಗ ಹೋಗಿ, ಅದರಲ್ಲಿ ಯಾವ್ಯಾವ ಸ್ವರ ಬರುತ್ತೆ ಎಂದು ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ? ಅದೂ ಅವಳು ಪೆಟ್ಟಿಗೆ ತುಂಬುತ್ತಿರುವ ವಾರದಲ್ಲಿ!

ಗುರುವಾರ ಮೆಟ್ಟಿಲ ಮೇಲೆ ಮಹಡಿಯ ಡ್ರೈವರಣ್ಣ ಸಿಕ್ಕಿದ. ಬಸ್ಸು ಓಡಿಸಿ ನಿವೃತ್ತನಾದವನು, ಒಬ್ಬಂಟಿ, ಇಳಿಯುವಾಗಲೂ ಹತ್ತುವಾಗಲೂ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವವನು.

"ಏನು ಕಿವಿಯಪ್ಪಾ, ಮೂರು ದಿನದಿಂದ ಟಣ್ ಟಣ್ ಅಂತಿದೆ?"

"ಶ್ರುತಿ ಮಾಡ್ತಿದೀನಿ ಅಣ್ಣ. ಭಾನುವಾರ ನುಡಿಸ್ತಾಳೆ."

"ಗೊತ್ತು, ತಂಗ್ಯಮ್ಮ ನನ್ನನ್ನೂ ಕರೆದಿದಾರೆ. ಏನು ಬೇಕಾದ್ರೂ ಮಾಡಿ ಮಾರಾಯ್ರೆ, ಆ ಕಪ್ಪು ಮೋಡ ಕವಿಯೋ ಭಾಗ ಇದೆಯಲ್ಲ, ಅದೊಂದು ಮಾತ್ರ ಕೆಡಿಸ್ಬೇಡಿ."

ನಿಧಾನದ್ದರಲ್ಲಿ ಮೋಡವೂ ಇಲ್ಲ, ಮಳೆಯೂ ಇಲ್ಲ. ಇಂಜಿನ್ನಿನ ಪಕ್ಕ ಕೂತು ಕೂತು ಪಾಪ ಇವನ ಕಿವಿ ಕೆಟ್ಟಿದೆ ಎಂದುಕೊಂಡು ಕಿವಿಯಪ್ಪ ನಕ್ಕು ಒಳಗೆ ಬಂದ.

ಹೆಂಡತಿ ಒಂದೆರಡು ಸಲ ಬಂದು ಬಾಗಿಲಲ್ಲಿ ನಿಂತಳು, ಹಿಂದೆ ಸಂಗೀತ ಶಾಲೆಯಲ್ಲಿ ನಿಂತಿದ್ದ ಹಾಗೇ. "ಒಂಚೂರು ನುಡಿಸಿ ನೋಡ್ಲಾ?" ಎಂದಳು. "ಬೇಡ ಬೇಡ, ತಂತಿ ಇನ್ನೂ ಕೂತಿಲ್ಲ. ಭಾನುವಾರದ ತನಕ ಮುಟ್ಬೇಡ" ಎಂದ ಅವನು. ಆಯಿತು ಎಂದು ಹೋದಳು. ಮಲಗುವ ಕೋಣೆಯಿಂದ ಸೀರೆ, ಶಾಲು, ಪುಸ್ತಕ ಒಂದೊಂದಾಗಿ ಸೂಟ್‌ಕೇಸಿಗೆ ಇಳಿಯುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಿವಿಯಪ್ಪನಲ್ಲವೇ?

ಭಾನುವಾರ ಊಟವಾದ ಮೇಲೆ ಅಕ್ಕ ಬಂದಳು. ಕಾರಿನ ಹಿಂದಿನ ಸೀಟನ್ನು ಮಡಚಿ ಸಾಮಾನಿಗೆ ಜಾಗ ಮಾಡಿಕೊಂಡೇ ಬಂದಿದ್ದಳು. ಕಿವಿಯಪ್ಪ "ಬನ್ನಿ ಅತ್ತಿಗೆ" ಎಂದ. "ಬಂದೆ. ಕತ್ತಲಾಗೋದ್ರೊಳಗೆ ಊರು ಸೇರ್ಬೇಕು, ಹೆದ್ದಾರೀಲಿ ರಿಪೇರಿ ನಡೀತಿದೆ" ಎಂದು ಅವಳು ಪಿಯಾನೋಗೆ ಹತ್ತಿರದ ಕುರ್ಚಿ ಬಿಟ್ಟು ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಳು. ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಳಿದುಬಂದ. ಕಂದು ಸೂಟ್‌ಕೇಸು ಹೊಸ್ತಿಲ ಪಕ್ಕದಲ್ಲಿ ನಿಂತಿತ್ತು. ಸಭೆ ಎಂದರೆ ಇಷ್ಟೇ.

ಹೆಂಡತಿ ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಳನ್ನು ಒಂದು ಗಳಿಗೆ ತೊಡೆಯ ಮೇಲಿಟ್ಟುಕೊಂಡು, ನಿಧಾನದ್ದನ್ನು ಎತ್ತಿಕೊಂಡಳು.

ಮೊದಲ ಸ್ವರಗಳು ಒಟ್ಟಿಗೆ ಬಿದ್ದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಒಂದು ಅಲೆಯಿಲ್ಲ, ಒಂದು ಕಂಪನವಿಲ್ಲ. ಸ್ವರಗಳು ಒಂದರೊಳಗೊಂದು ಹೋಗಿ ಕೂತುಬಿಟ್ಟಿದ್ದವು. ಅಕ್ಕ ಕೈಗಡಿಯಾರ ನೋಡುತ್ತಿದ್ದವಳು ನೋಡುವುದನ್ನು ಬಿಟ್ಟಳು. ಡ್ರೈವರಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. ಕಿವಿಯಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಗೆದ್ದೆ ಎಂದುಕೊಂಡ. ಸೂಟ್‌ಕೇಸನ್ನು ಒಳಗೆ ಒಯ್ಯುವಾಗ ಯಾವ ಕೈಯಲ್ಲಿ ಹಿಡಿದುಕೊಳ್ಳಲಿ ಎಂದು ಕೂಡ ಯೋಚಿಸಿದ. ಕೃತಿ ಬಂದು ನೀಳವಾಗಿ ಉಸಿರು ಬಿಟ್ಟು ನಿಂತಿತು. ಅವನು ಚಪ್ಪಾಳೆ ತಟ್ಟಲು ಕೈ ಎತ್ತಿದ.

ಅವಳ ಎಡಗೈ ಕಪ್ಪು ಕೀಗಳ ಮೇಲಕ್ಕೆ ಸರಿಯಿತು. ಬಲಗೈ ಅದರ ಹಿಂದೆಯೇ ಹೋಯಿತು. ಎರಡೂ ಒಟ್ಟಿಗೆ ಇಳಿದವು.

ತೋಳ ಊಳಿಟ್ಟಿತು.

ಎಂಥ ಊಳು ಅದು! ಗಾಜಿನ ಲೋಟಗಳೂ ಅಲುಗಿದವು. ಅವಳು ಬೆರಳು ಎತ್ತಿ ಮತ್ತೊಮ್ಮೆ ಅದೇ ಜಾಗದಲ್ಲಿ ಇಟ್ಟಳು. ಮತ್ತೆ ಊಳಿಟ್ಟಿತು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಇದು ಹೀಗೇ ಇರೋದಾ?" ಎಂದು ಅಕ್ಕ ಕೇಳಿದಳು.

"ಇಲ್ಲಮ್ಮಾ, ಹೀಗಿರಲ್ಲ. ಬ್ರೇಕ್ ಸವೆದ ಬಸ್ಸಿನ ಥರ ಕೇಳ್ತು" ಎಂದ ಡ್ರೈವರಣ್ಣ.

ಹೆಂಡತಿ ತಿರುಗಿ ಗಂಡನನ್ನು ನೋಡಿದಳು. "ಇಲ್ಲಿ ಏನಾಗಿದೆ?"

ಗಿರಾಕಿಗಳಿಗೆ ಹೇಳುವ ಒಂದು ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ತಂತಿ ಜಾರಿದೆ ಎಂದರೆ ಮುಗಿಯಿತು. ಯಾರೂ ಎದುರಾಡುವುದಿಲ್ಲ, ತಂತಿಯೂ ಎದುರಾಡುವುದಿಲ್ಲ. ಬಾಯಿ ತೆರೆದ. ಆದರೆ ಅವಳು ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದಳು.

"ತೋಳನ ಅಲ್ಲಿ ಇಟ್ಟಿದೀನಿ" ಎಂದ.

"ಯಾಕೆ?"

"ಅಲ್ಲಿಗೆ ನೀನು ಹೋಗಲ್ಲ ಅಂತ."

"ದಿನಾ ಹೋಗ್ತೀನಿ."

"ದಿನಾ ಹೋಗ್ತಾರೆ" ಎಂದ ಡ್ರೈವರಣ್ಣ. "ವಾರ್ತೆ ಬರೋ ಹೊತ್ತಿಗೆ ಸರಿಯಾಗಿ. ನಾನು ಟಿವಿ ಸದ್ದು ತೆಗೆದು ಕೂತ್ಕೋತೀನಿ. ಮೋಡ ಕವಿಯೋದು ಅಲ್ಲೇ ಅಲ್ವಾ? ಮೊದಲನೇದು ಬಿಡಿ, ಅದು ಎಲ್ಲರ ಮನೇಲೂ ಇರೋ ಥರದ್ದು."

ಕಿವಿಯಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೇಲಿನವನು ನೆಲದ ಮೂಲಕ ಕೇಳಿದ್ದಾನೆ. ಪಕ್ಕದ ಕೋಣೆಯವನು ಕೇಳಿಲ್ಲ.

"ನನಗೆ ಗೊತ್ತಿರ್ಲಿಲ್ಲ" ಎಂದ. "ಅದು ಅಲ್ಲಿಗೇ ಮುಗಿಯುತ್ತೆ ಅಂದ್ಕೊಂಡಿದ್ದೆ. ಆಮೇಲಿಂದು ನಾನು ಯಾವತ್ತೂ ಕೇಳೇ ಇಲ್ಲ ಕಣೇ. ಬಾಗಿಲು ಹಾಕ್ಕೊಂಡುಬಿಡ್ತಿದ್ದೆ. ಪಿಯಾನೋ ಅಪಶ್ರುತಿ ಇತ್ತಲ್ಲ, ಅದಕ್ಕೆ ಮೊದಮೊದಲು. ಆಮೇಲೆ ಅಭ್ಯಾಸ ಆಗೋಯ್ತು."

"ಪಿಯಾನೋ ಅಪಶ್ರುತಿ ಇದ್ದಿದ್ದು ಯಾರಿಂದ?" ಎಂದಳು ಅಕ್ಕ, ಬಾಗಿಲ ಹತ್ತಿರದಿಂದ.

ಹೆಂಡತಿ ಅವನನ್ನು ನೋಡುತ್ತಲೇ ಇದ್ದಳು. ಹಲಗೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಅಕ್ಷರವನ್ನೂ ಓದಲಾರದ ಗಿರಾಕಿಯನ್ನು ಅವಳು ಅಂಗಡಿಯಲ್ಲಿ ನೋಡುತ್ತಿದ್ದುದು ಹೀಗೇ. ಕೋಪವಿಲ್ಲ. ಈ ಮನುಷ್ಯ ಇಷ್ಟು ದಿನ ರಸ್ತೆ ದಾಟಿದ್ದಾದರೂ ಹೇಗೆ ಎಂಬ ಆಶ್ಚರ್ಯ, ಅಷ್ಟೆ.

"ಎದ್ದೇಳು, ಹೊರಡೋಣ" ಎಂದಳು ಅಕ್ಕ.

"ಒಂದರ್ಧ ಗಂಟೆ ಕೊಡು" ಎಂದ ಕಿವಿಯಪ್ಪ. "ಅದನ್ನೂ ಕೂಡಿಸ್ತೀನಿ. ಮೊದಲನೇದು ಕೆಡುತ್ತೆ, ಕೆಟ್ಟರೆ ಕೆಡ್ಲಿ. ಅದು ಎಲ್ಲಿಗೆ ಹೋಗುತ್ತೆ ಅಂತ ನನಗೆ ತೋರಿಸು."

ಅವಳು ಅಕ್ಕನ ಕಡೆ ತಿರುಗಿದಳು. "ಕೂತ್ಕೋ ಅಕ್ಕ" ಎಂದಳು. ಅಕ್ಕ ಕೂತಳು. ಡ್ರೈವರಣ್ಣ ಹೇಳಿಸಿಕೊಳ್ಳದೆಯೇ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟ.

ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ. ಎಲ್ಲವನ್ನೂ ತಿದ್ದುತ್ತ ಕೂತರೆ ಬೆಳಗಾಗುತ್ತದೆ. ಕಿವಿಯಪ್ಪ ಚೀಲದಿಂದ ಉದ್ದನೆಯ ಫೆಲ್ಟ್ ಪಟ್ಟಿ ತೆಗೆದು ತಂತಿಗಳ ಸಂದಿನಲ್ಲಿ ತುರುಕುತ್ತ ಹೋದ. ಅಕ್ಕಪಕ್ಕದವುಗಳ ಬಾಯಿ ಕಟ್ಟಿ, ನಡುವಿನ ಒಂಟಿ ತಂತಿಯನ್ನಷ್ಟೇ ನುಡಿಯಲು ಬಿಟ್ಟ. ಅವಳು ಒಂದು ಕೀ ಒತ್ತಿ, "ಇಲ್ಲಿಂದ ಹೊರಡುತ್ತೆ" ಎಂದಳು. ಇನ್ನೊಂದು ಒತ್ತಿ, "ಇಲ್ಲಿ ತುಂಬ ಹೊತ್ತು ನಿಲ್ಲುತ್ತೆ" ಎಂದಳು. ಅವನು ಮೊಳೆಗೆ ಚಾವಿ ಕೂರಿಸಿ ತಿರುಗಿಸಿದ.

"ಈಗ?"

"ಇಲ್ಲ."

"ಈಗ?"

"ಇನ್ನೊಂಚೂರು."

ಅವನಿಗೆ ಅದು ಆಗಲೇ ಶುದ್ಧವಾಗಿ ಕೇಳುತ್ತಿತ್ತು. ಬೇರೆಯವರಾಗಿದ್ದರೆ ನನಗೆ ಹೇಳಿಕೊಡ್ತೀಯಾ ಎಂದು ಮುಖಕ್ಕೆ ಹೊಡೆದ ಹಾಗೆ ಅನ್ನುತ್ತಿದ್ದ. ಏನೂ ಅನ್ನದೆ ಇನ್ನೊಂಚೂರು ತಿರುಗಿಸಿದ. ಅಲೆ ಎದ್ದಿತು. "ಅಯ್ಯೋ, ಮೊದಲಿದ್ದಿದ್ದೇ ಸರಿ" ಎಂದಳು. ಹಿಂದಕ್ಕೆ ತಿರುಗಿಸಿದ. ಇಬ್ಬರಿಗೂ ಸ್ವಲ್ಪ ನಗು ಬಂತು. ಹಾಗೆಯೇ ಒಂದರ ನಂತರ ಒಂದು, ಅವಳು ತೋರಿಸಿದ ಕಡೆಗೆಲ್ಲ ಅವನು ಚಾವಿ ಹಿಡಿದು ಹೋದ. ತೋಳವನ್ನು ಅಲ್ಲಿಂದ ಎಬ್ಬಿಸಿ ಬಿಳಿ ಕೀಗಳ ನಡುಮನೆಗೇ ತಂದು ಕೂರಿಸಿದ. ವಾರವಿಡೀ ಬೆನ್ನು ಮುರಿದು ಕೂಡಿಸಿದ ಮೊದಲ ಭಾಗ ಹಾಳುಬಿದ್ದು ಹೋಯಿತು. ಚಹಾ ಆರಿತು. ಅಕ್ಕ ಎರಡು ಸಲ ಗಡಿಯಾರ ನೋಡಿ ಆಮೇಲೆ ಆಸೆ ಬಿಟ್ಟಳು.

"ನುಡಿಸು" ಎಂದ.

ಒಂಟಿ ತಂತಿಗಳಾದ್ದರಿಂದ ಸದ್ದು ಸಣ್ಣದಾಗಿತ್ತು. ಹತ್ತಿರ ಕೂತವರಿಗೆ ಮಾತ್ರ ಕೇಳುವಷ್ಟು. ಎಡಗೈ ಕಪ್ಪು ಕೀಗಳ ಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಯಿತು. ಬಲಗೈ ಒಂದು ಚಿಕ್ಕ ಪ್ರಶ್ನೆ ಕೇಳಿತು. ಕೇಳಿ ನಿಂತಿತು. ಉತ್ತರಕ್ಕೆ ಕಾಯುವವರು ನಿಲ್ಲುತ್ತಾರಲ್ಲ, ಅಷ್ಟು ಹೊತ್ತು ನಿಂತಿತು. ಉತ್ತರ ಬರಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೂ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿತು. ಮತ್ತೆ ನಿಂತಿತು. ಹೀಗೇ ನಡೆಯಿತು, ಬೇರೇನೂ ಇಲ್ಲ. ಒಂದೊಂದು ಸಲವೂ ಸ್ವರಗಳು ಶುದ್ಧವಾಗಿ ಕೂಡುತ್ತಿದ್ದವು, ನಡುವೆ ಮೌನ ಬರುತ್ತಿತ್ತು, ಆ ಮೌನವನ್ನು ಅವಳು ಎಲ್ಲಿಯೂ ಅವಸರಿಸಲಿಲ್ಲ. ಇದನ್ನು ಅವಳು ವರ್ಷಾನುಗಟ್ಟಲೆ ದಿನಾ ಸಂಜೆ ನುಡಿಸಿದ್ದಳು, ಬಾಗಿಲಿನ ಈಚೆ ಕೂತು.

ಕಿವಿಯಪ್ಪನಿಗೆ ಅಳು ಬಂತು. ಬಂದದ್ದನ್ನು ತಡೆಯಲು ಆಗಲಿಲ್ಲ. ತಂತಿಗಳ ಸಂದಿಗೆ ಸಿಕ್ಕಿಸುವ ರಬ್ಬರಿನ ಬೆಣೆ ಹುಡುಕುವವನ ಹಾಗೆ ಪಿಯಾನೋದ ಪೆಟ್ಟಿಗೆಯೊಳಗೆ ತಲೆ ತೂರಿಸಿದ. ಬೆಣೆ ಅವನ ಕೈಯಲ್ಲೇ ಇತ್ತು. ಡ್ರೈವರಣ್ಣ ಅದನ್ನು ಕಂಡೂ ಕಾಣದವನ ಹಾಗೆ ಚಾವಣಿ ನೋಡಿದ.

ಒಂದು ಕಡೆ ಬಂದು ಅವಳು ನಿಲ್ಲಿಸಿದಳು. "ಇಲ್ಲಿಂದ ಮೊದಲ ಭಾಗ ಇನ್ನೊಂದು ಸಲ ಬರುತ್ತೆ. ಅದರ ಜೊತೆ ಮುಗಿಯುತ್ತೆ."

ಅವನು ತಲೆ ಹೊರಗೆ ತೆಗೆದು, ಮುಖ ಒರೆಸಿಕೊಂಡು, ಚಾವಿ ಎತ್ತಿಕೊಂಡ. ಅದಕ್ಕೆ ಈಗ ಎಲ್ಲವನ್ನೂ ಮತ್ತೆ ಮೊದಲಿನ ಹಾಗೆ ತಿರುಗಿಸಬೇಕು. ತಿರುಗಿಸಲು ಅವನು ಸಿದ್ಧನಾಗಿದ್ದ, ರಾತ್ರಿಯೆಲ್ಲ ಆದರೂ ಸರಿ.

"ಬೇಡ" ಎಂದಳು. "ಅದು ನೀವು ಕೇಳಿರೋದೇ."

ಪಿಯಾನೋ ಮುಚ್ಚಿ ಎದ್ದಳು.

ಹೋಗಬೇಡ ಎಂದು ಅವನು ಆಗ ಅಂದ. ತಡವಾಗಿ, ನೆಟ್ಟಗೆ ನಿಂತು, ಅಕ್ಕನ ಎದುರಿಗೇ, ಡ್ರೈವರಣ್ಣನ ಎದುರಿಗೇ ಅಂದ. "ಹೋಗ್ಬೇಡ ಕಣೇ. ನೀನಿಲ್ದೆ ನನ್ನ ಕೈಲಾಗಲ್ಲ."

"ಅಕ್ಕ ಅಂಗಡಿ ಬಾಗಿಲು ತೆರೆಯೋಕೆ ನನ್ನ ನಂಬಿದಾಳೆ ರೀ. ಹೋಗ್ಬೇಕು" ಎಂದಳು ಅವಳು, ಮೆಲ್ಲಗೆ. ಚಪ್ಪಲಿ ಮೆಟ್ಟಿಕೊಂಡಳು.

ಸೂಟ್‌ಕೇಸನ್ನು ಅವನೇ ಕೆಳಗೆ ಒಯ್ದ. ಭಾರವಾಗಿತ್ತು, ಎರಡು ಕೈಯೂ ಬೇಕಾಯಿತು. ಕಾರಿನಲ್ಲಿಟ್ಟು ಬಾಗಿಲು ಮುಚ್ಚುವಾಗ ಕಿಸೆಯಲ್ಲಿದ್ದ ಕಿವಿಯೋಲೆ ನೆನಪಾಗಿ ತೆಗೆದುಕೊಟ್ಟ. ಅವಳು ಅದನ್ನು ಅಂಗೈಯಲ್ಲಿಟ್ಟು ನೋಡಿದಳು. "ಎಲ್ಲಿತ್ತು?"

"ಪಿಯಾನೋ ಒಳಗೆ. ಇದ್ದದ್ದು ಇಷ್ಟು ದಿನವೂ ಅಲ್ಲೇ."

ಅವಳು ಅದನ್ನು ಕಿವಿಗೆ ಹಾಕಿಕೊಂಡು ಕಾರಿನಲ್ಲಿ ಕೂತಳು. ಅಕ್ಕ ಇಂಜಿನ್ ಶುರುಮಾಡಿದಳು. ಗಾಜು ಇಳಿಸಿ ಅವಳು ಕೇಳಿದಳು, "ಈಗ ಮಾಡಿದ ಶ್ರುತಿ ಎಷ್ಟು ದಿನ ನಿಲ್ಲುತ್ತೆ?"

ಊರಿನ ಗಿರಾಕಿಗಳಿಗೆಲ್ಲ ಅವನು ಆರು ತಿಂಗಳು ಎನ್ನುತ್ತಿದ್ದ. ಇವಳಿಗೂ ಹಾಗೆಂದರೆ ಆರು ತಿಂಗಳು ಬರುವುದಿಲ್ಲವೇನೋ ಎಂದು ಒಮ್ಮೆ ಅನ್ನಿಸಿತು. ನಾಳೆಯೇ ಇಳಿಯುತ್ತದೆ ಎಂದರೆ ಇಲ್ಲೇ ಇಳಿದಾಳೇನೋ ಎಂದೂ ಅನ್ನಿಸಿತು. ಎರಡೂ ಸುಳ್ಳು.

"ಎರಡು ವಾರ" ಎಂದ. "ಆತುರದಲ್ಲಿ ಎಳೆದ ತಂತಿ. ಅದಕ್ಕಿಂತ ಜಾಸ್ತಿ ನಿಲ್ಲಲ್ಲ."

ಅವಳು ಲೆಕ್ಕ ಹಾಕುವವಳ ಹಾಗೆ ತುಟಿ ಕಚ್ಚಿದಳು. "ಹಾಗಿದ್ರೆ ಮುಟ್ಬೇಡಿ ಅದನ್ನ. ಮೊದಲಿನ ಥರ ಮಾಡ್ಬೇಡಿ. ಹಾಗೇ ಬಿಡಿ."

"ಬಿಡ್ತೀನಿ."

"ಎರಡು ವಾರದೊಳಗೆ ಒಂದು ಭಾನುವಾರ ನೋಡ್ಕೊಂಡು ಬರ್ತೀನಿ."

"ಏ, ಭಾನುವಾರಾನೇ ಗಿರಾಕಿಗಳು ಜಾಸ್ತಿ ಕಣೇ" ಎಂದಳು ಅಕ್ಕ.

"ನೋಡೋಣ ಬಿಡಕ್ಕ" ಎಂದಳು ಅವಳು. ಗಾಜು ಏರಿತು, ಕಾರು ಹೋಯಿತು. ತಿರುವಿನಲ್ಲಿ ಅದು ಗೇರು ಬದಲಿಸಿದ ಸ್ವರವೂ ಕಿವಿಯಪ್ಪನಿಗೆ ಕೇಳಿಸಿತು. ಅದು ಅಡಗುವ ತನಕ ರಸ್ತೆಯಲ್ಲೇ ನಿಂತಿದ್ದ.

ಒಳಗೆ ಬಂದು ಪಿಯಾನೋ ಹತ್ತಿರ ಹೋಗಲಿಲ್ಲ. ಚೀಲದಿಂದ ಸುತ್ತಿಗೆಯ ಫೆಲ್ಟು ಕೊಯ್ಯುವ ಚಾಕು ತೆಗೆದುಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲಿನ ಮುಂದೆ ಮಂಡಿಯೂರಿ ಕೂತ. ಮೂಲೆಯಿಂದ ಎಬ್ಬಿಸಲು ನೋಡಿದ. ಬರಲಿಲ್ಲ. ಅಂಟಿಸಿದ ಸರೇಸು ಅವನೇ ಕಾಯಿಸಿದ್ದು, ಒಳ್ಳೆಯದು, ಮರವನ್ನೂ ಉಣ್ಣೆಯನ್ನೂ ಸುಲಭಕ್ಕೆ ಬಿಡುವಂಥದ್ದಲ್ಲ. ಚೂರು ಚೂರಾಗಿ ಕೆರೆಯಬೇಕಾಯಿತು.

"ಕಿವಿಯಪ್ಪಾ, ಏನದು ಕರಕರ ಸದ್ದು?" ಎಂದು ಮಹಡಿಯಿಂದ ಡ್ರೈವರಣ್ಣ ಕೂಗಿದ.

"ಏನಿಲ್ಲ ಅಣ್ಣ, ಬಾಗಿಲು ಸರಿಮಾಡ್ತಿದೀನಿ."

"ಎಷ್ಟೊತ್ತು ಆಗುತ್ತೆ?"

ಕಿವಿಯಪ್ಪ ಕೆರೆದ ಜಾಗವನ್ನು ನೋಡಿದ. ಅಂಗೈಯಗಲ ಆಗಿತ್ತು, ಉಳಿದದ್ದು ಆಳೆತ್ತರ ಇತ್ತು. "ಎರಡು ವಾರದೊಳಗೆ ಆಗುತ್ತೆ" ಎಂದು ಕೂಗಿ ಹೇಳಿ, ಚಾಕುವಿನ ಮೊನೆಯನ್ನು ಒರೆಸಿಕೊಂಡು ಕೆಲಸ ಮುಂದುವರಿಸಿದ.